ಅಲ್ಲಿ ಮಲ್ಲಯ್ಯ ಅದಾನೇನು?

ಸಿಂಧನೂರು ತಾಲ್ಲೂಕಿನ ಗೊರೇಬಾಳದವರಾದ ನಮಗೆ ಎತ್ತರದ ವಿಷಯದಲ್ಲಿ ಹೇಳಿಕೊಳ್ಳುವಂಥ ಅನುಭವವಿಲ್ಲ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದ್ದೇವೆ ಎಂದು ನಕಾಶೆ ಹೇಳುತ್ತದೆ, ಆದರೆ ಆ 400 ಮೀಟರನ್ನು ನಾವ್ಯಾರೂ ಹತ್ತಿ ಬಂದವರಲ್ಲ, ಹುಟ್ಟಿದಾಗಲೇ ಅಲ್ಲಿದ್ದೆವು. ಸುತ್ತ ಕಣ್ಣು ಹಾಯಿಸಿದಷ್ಟೂ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಂದಕ್ಕೆ ಹೋಗುತ್ತದೆ ಅಂದಮೇಲೆ ಇಳಿಜಾರು ಇರಲೇಬೇಕು. ಅದು ನೀರಿಗೂ ನೀರಾವರಿ ಇಲಾಖೆಯ ಎಂಜಿನಿಯರುಗಳಿಗೂ ಮಾತ್ರ ಗೊತ್ತು. ಹತ್ತುವುದು ಎಂದರೆ ನಮಗೆ ಕಾಲುವೆ ದಂಡೆ, ಟ್ರ್ಯಾಕ್ಟರ್ ಟ್ರಾಲಿ, ಬಹಳವಾದರೆ ರೈಸ್ ಮಿಲ್ಲಿನಲ್ಲಿ ಒಟ್ಟಿದ ನೆಲ್ಲಿನ ಚೀಲ. ಗುಡ್ಡವೇ ಬೇಕೆಂದು ಹಟ ಹಿಡಿದರೆ ಮಸ್ಕಿಗೆ ಹೋಗಬೇಕು. ಅಲ್ಲಿ ಮಲ್ಲಿಕಾರ್ಜುನನ ಗುಡಿಗೆ ಮೆಟ್ಟಿಲುಗಳಿವೆ. ಅವನ್ನು ಹತ್ತಿ ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡರೆ ನಮ್ಮ ಪರ್ವತಾರೋಹಣ ಮುಗಿದಂತೆ.

ಇಂಥ ಊರಿನವನು ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋದದ್ದಕ್ಕೆ ಹಿಮಾಲಯದ ಕರೆ, ಆತ್ಮಶೋಧ ಇತ್ಯಾದಿ ಘನ ಕಾರಣಗಳಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ ಗೆಳೆಯರನ್ನು ಕಟ್ಟಿಕೊಂಡು ಹೊರಟಿದ್ದ. ಅವರಲ್ಲೊಬ್ಬನಿಗೆ ಲಗ್ನ ಗೊತ್ತಾಯಿತು. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂದರಂತೆ. ದುಡ್ಡು ಹಾಳಾಗುವುದನ್ನು ನೋಡುವುದಕ್ಕಿಂತ ಅಣ್ಣ ಹಾಳಾಗುವುದು ಮೇಲು ಎಂದು ತಮ್ಮನಿಗೆ ಅನಿಸಿತು.

"ಕ್ಯಾಂಪಿಗಾ? ಯಾವ ಕ್ಯಾಂಪಿಗೆ?" ಎಂದಳು ಅವ್ವ. ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಊರುಗಳು ನಮ್ಮ ತಾಲ್ಲೂಕಿನಲ್ಲಿ ಕ್ಯಾಂಪುಗಳೇ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಊರುಗಳೂ ಕ್ಯಾಂಪುಗಳೇ. ಅವ್ವನ ಲೆಕ್ಕದಲ್ಲಿ ಅದು ಬೈಕಿನಲ್ಲಿ ಹೋಗಿ ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಬರುವ ದೂರ. ನೇಪಾಳ ಎಂದಾಗ ಸುಮ್ಮನಾದಳು. ಸುಮ್ಮನಾದವಳು ಎದ್ದು ಜೋಳದ ಹಿಟ್ಟಿನ ಡಬ್ಬಿಯ ಕಡೆ ಹೋದಳು.

ಕಷ್ಟವಾದದ್ದು ಸೋದರಮಾವನನ್ನು ಒಪ್ಪಿಸುವುದು. ಮಾವ ಯುಗಾದಿ ಬಂದರೆ ಶ್ರೀಶೈಲದ ಮಲ್ಲಯ್ಯನ ಬಳಿಗೆ ನಡೆದುಕೊಂಡು ಹೋಗುವವರು. ಬರಿಗಾಲು. ಸಂಗಡ ಕಂಬಿ, ಭಜನೆ, ಊರಿನ ಹತ್ತಾರು ಜನ. 250 ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಕೊನೆಗೆ ನಲ್ಲಮಲದ ಕಾಡು, ಭೀಮನ ಕೊಳ್ಳದ ಏರು. ಅವರ ಸಾಮಾನು ಒಂದು ಹೆಗಲ ಚೀಲದಲ್ಲಿ ಮುಗಿಯುತ್ತದೆ: ಒಂದು ದಟ್ಟಿ, ಎರಡು ಅಂಗಿ, ವಿಭೂತಿ ಗಟ್ಟಿ, ಪಾದಕ್ಕೆ ಹಚ್ಚಲು ಎಣ್ಣೆ. ನನ್ನ ಸಾಮಾನನ್ನು ತಮ್ಮ ಕಳಿಸಿದ ಪಟ್ಟಿಯಂತೆ ಕೊಂಡು ಪಡಸಾಲೆಯಲ್ಲಿ ಹರವಿದ್ದೆ. ಗರಿ ತುಂಬಿದ ಜಾಕೆಟ್ಟು, ಒಳಗಿನ ಉಣ್ಣೆ ಉಡುಪು, ಸ್ಲೀಪಿಂಗ್ ಬ್ಯಾಗು, ಮಡಚುವ ಕೋಲು ಎರಡು, ಹಣೆಗೆ ಕಟ್ಟುವ ಬ್ಯಾಟರಿ, ನೀರಿಗೆ ಹಾಕುವ ಗುಳಿಗೆ, ಎತ್ತರಕ್ಕೆ ನುಂಗುವ ಗುಳಿಗೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು. ಮಾವ ಒಂದೊಂದನ್ನೇ ಎತ್ತಿ ನೋಡಿ ಇಟ್ಟರು.

"ಅಲ್ಲಿ ಮಲ್ಲಯ್ಯ ಅದಾನೇನು?"

"ಇಲ್ಲ ಮಾವ."

"ಮತ್ಯಾರದಾರ?"

"ಯಾರೂ ಇಲ್ಲ. ಗುಡ್ಡ ಐತಿ."

"ಗುಡ್ಡ ನೋಡಾಕ ಇಷ್ಟೆಲ್ಲ ಹೊತಗೊಂಡು ಹೋಗೋದು ಅಂದ್ರ ಅದು ಯಾತ್ರೆ ಅಲ್ಲೋ ಅಳಿಯಾ, ಮನಿ ಖಾಲಿ ಮಾಡೋದು."

ಆಮೇಲಿನ ದಿನಗಳಲ್ಲಿ ಬೆನ್ನಚೀಲಕ್ಕೆ ಅಕ್ಕಿ ತುಂಬಿಕೊಂಡು ಮಸ್ಕಿಯ ಮೆಟ್ಟಿಲು ಹತ್ತಿಳಿದೆ. ತಾಲೀಮು ಎಂದು ಯಾರಿಗೂ ಹೇಳಲಿಲ್ಲ. ಹರಕೆ ಇರಬೇಕು ಎಂದು ಜನ ದಾರಿ ಬಿಟ್ಟರು. ಒಬ್ಬ ಅಜ್ಜಿ ನನ್ನ ಕಾಲು ಮುಟ್ಟಿ ನಮಸ್ಕಾರ ಕೂಡ ಮಾಡಿದಳು.

ನಡಿಗೆ ಶುರುವಾಗುವ ಲುಕ್ಲಾಕ್ಕೆ ಹಾರುವ ಪುಟ್ಟ ವಿಮಾನ ಸೀಸನ್ನಿನಲ್ಲಿ ಕಠ್ಮಂಡುವಿನಿಂದ ಏಳುವುದಿಲ್ಲ. ನಡುರಾತ್ರಿ ಎಬ್ಬಿಸಿ, ಜೀಪಿಗೆ ತುಂಬಿ, ರಾಮೆಛಾಪ್ ಎಂಬಲ್ಲಿಗೆ ಒಯ್ಯುತ್ತಾರೆ. ಅಲ್ಲಿ ಸಾಮಾನು 15 ಕಿಲೋ ಮೀರುವಂತಿಲ್ಲ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯೇ ಅದರಲ್ಲಿ ಒಳ್ಳೆಯ ಪಾಲು ತಿಂದಿದ್ದವು. ತಕ್ಕಡಿಯ ಹತ್ತಿರ ಬಂದಾಗ ರೊಟ್ಟಿಯ ಗಂಟು ನನ್ನ ಜಾಕೆಟ್ಟಿನೊಳಗೆ ಸೇರಿತು. ಪೊಲೀಸಿನವನು ತಪಾಸಣೆಗೆಂದು ಎದೆ ಮುಟ್ಟಿದ, ಕಟಕಟ ಸದ್ದಾಯಿತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಷ್ಟು ಹಳೆಯ ಎಲುಬಿನವನನ್ನು ತಡೆದು ಪ್ರಯೋಜನವಿಲ್ಲ ಎನಿಸಿರಬೇಕು, ಕೈಬೀಸಿ ಮುಂದೆ ಕಳಿಸಿದ.

ಲುಕ್ಲಾದ ರನ್‌ವೇ 527 ಮೀಟರ್ ಉದ್ದ. ಒಂದು ತುದಿಗೆ ಗುಡ್ಡದ ಗೋಡೆ, ಇನ್ನೊಂದು ತುದಿಗೆ ಪ್ರಪಾತ, ನಡುವೆ ಕಣ್ಣಿಗೆ ಕಾಣುವಷ್ಟು ಇಳಿಜಾರು. ಇಳಿಯುವ ವಿಮಾನ ಏರು ಹತ್ತಿ ನಿಲ್ಲುತ್ತದೆ, ಏರುವ ವಿಮಾನ ಇಳಿಜಾರಿನಲ್ಲಿ ಓಡಿ ಹಾರುತ್ತದೆ. 1964ರಲ್ಲಿ ಇದನ್ನು ಕಟ್ಟಿಸಿದವರು ಎಡ್ಮಂಡ್ ಹಿಲರಿ. ನೆಲ ಮೆತ್ತಗಿದೆ ಎನಿಸಿದಾಗ ಊರಿನ ಶೆರ್ಪಾಗಳಿಗೆ ಹೆಂಡ ಕೊಡಿಸಿ, ಕಾಲು ಬಡಿದು ಕುಣಿಯುವ ಅವರ ಕುಣಿತ ಕುಣಿಸಿ ನೆಲ ಗಟ್ಟಿ ಮಾಡಿಸಿದರಂತೆ. ನಮ್ಮ ಕಡೆಯ ರಸ್ತೆ ಕಾಮಗಾರಿಗಳಲ್ಲೂ ಹೆಂಡದ ಖರ್ಚು ಇದ್ದೇ ಇರುತ್ತದೆ ಎನ್ನುತ್ತಾರೆ. ಕುಣಿತದ ಭಾಗವನ್ನು ಮಾತ್ರ ಯಾರೋ ಅಂದಾಜುಪಟ್ಟಿಯಿಂದ ತೆಗೆದುಹಾಕಿದಂತಿದೆ.

ಲುಕ್ಲಾದಿಂದ ನಡಿಗೆ. ನಮ್ಮ ಶೆರ್ಪಾ ಗೈಡ್ ಹೇಳುತ್ತಿದ್ದದ್ದು ಒಂದೇ ಮಾತು: "ಬಿಸ್ತಾರೈ, ಬಿಸ್ತಾರೈ." ಸಾವಕಾಶ ಎಂದರ್ಥ. ತಂಡದ ಹುಡುಗರಿಗೆ ಇದು ನುಂಗಲಾರದ ತುತ್ತು. ಜಿಮ್ಮಿಗೆ ಹೋಗಿ ಮಂಡಿ ಗಟ್ಟಿ ಮಾಡಿಕೊಂಡು ಬಂದವರು. ನನಗೆ ಮಾತ್ರ ಅದು ಜೀವಮಾನದಲ್ಲಿ ಕೇಳಿದ ಅತ್ಯಂತ ಸಭ್ಯ ಸೂಚನೆ. ಸರಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಬಿಸ್ತಾರೈ ಮಾಡಿದವನಿಗೆ ಹಿಮಾಲಯದಲ್ಲಿ ಅದೇ ಅರ್ಹತೆ ಎಂದು ಗೊತ್ತಿರಲಿಲ್ಲ. ಮೂರನೆಯ ದಿನಕ್ಕೆಲ್ಲ ಜಿಮ್ಮಿನ ಹುಡುಗರು ತಲೆ ಹಿಡಿದು ಕೂತಿದ್ದರು, ನಾನು ಚಹಾ ಕುಡಿಯುತ್ತ ಅವರಿಗೆ ಧೈರ್ಯ ಹೇಳುತ್ತಿದ್ದೆ.

ಚಹಾ ಅಂದೆ. ನಮ್ಮ ನೂರು ರೂಪಾಯಿಗೆ ಅವರ ನೂರಾ ಅರವತ್ತು. 1993ರಿಂದಲೂ ಅದೇ ದರ. ಕಠ್ಮಂಡುವಿನಲ್ಲಿ ನೋಟು ಬದಲಾಯಿಸಿಕೊಂಡಾಗ ನಾನು ಸಿಂಧನೂರಿನ ಮಿಲ್ ಮಾಲೀಕರ ಸಾಲಿಗೆ ಸೇರಿದೆ ಎಂಬ ಭಾವನೆ ಬಂದಿತ್ತು. ಆ ಭಾವನೆ ಮೀಟರಿನ ಲೆಕ್ಕದಲ್ಲಿ ಇಳಿಯಿತು. ದಾರಿ ಮೇಲೇರಿದಷ್ಟೂ ಬೆಲೆ ಏರುತ್ತದೆ. ಬಿಸಿನೀರಿಗೆ ದುಡ್ಡು, ಸ್ನಾನಕ್ಕೆ ದುಡ್ಡು, ಮೊಬೈಲ್ ಚಾರ್ಜಿಗೆ ದುಡ್ಡು. ಗೋರಕ್‌ಶೇಪಿನಲ್ಲಿ ಒಂದು ಥರ್ಮಾಸ್ ಬಿಸಿನೀರಿಗೆ ಕೊಟ್ಟ ದುಡ್ಡಿನಲ್ಲಿ ಸಿಂಧನೂರಿನ ಬಸ್‌ಸ್ಟ್ಯಾಂಡ್ ಎದುರು ಮನೆಮಂದಿಯೆಲ್ಲ ಕೂತು ಒಗ್ಗರಣಿ ಮಿರ್ಚಿ ತಿಂದು, ಮೇಲೊಂದು ಚಹಾ ಕುಡಿದು, ಕಟ್ಟಿಸಿಕೊಂಡೂ ಹೋಗಬಹುದು.

ಬೆಲೆಯ ಸಿಟ್ಟು ಇಳಿದದ್ದು ಆ ಸಾಮಾನು ಮೇಲೆ ಬರುವುದನ್ನು ಕಂಡಾಗ. ಅಲ್ಲಿ ರಸ್ತೆಯಿಲ್ಲ. ಅಕ್ಕಿ, ಸಿಲಿಂಡರು, ಪ್ಲೈವುಡ್ಡು ಎಲ್ಲವೂ ಬರುವುದು ಹೇಸರಗತ್ತೆ ಇಲ್ಲವೇ ಯಾಕಿನ ಬೆನ್ನ ಮೇಲೆ, ಇಲ್ಲವೇ ಮನುಷ್ಯನ ಹಣೆಯ ಮೇಲೆ. ನಾಮ್ಚೆಯ ಏರಿನಲ್ಲಿ ಒಬ್ಬ ಹುಡುಗ ನನ್ನ ಮುಂದೆಯೇ ನಿಂತ. ಬೆನ್ನಿಗೆ ಬಿದಿರಿನ ಡೋಕೊ ಬುಟ್ಟಿ, ಅದರ ಭಾರವನ್ನೆಲ್ಲ ಹಿಡಿದ ನಾಮ್ಲೊ ಪಟ್ಟಿ ಹಣೆಗೆ. ಬುಟ್ಟಿಯಲ್ಲಿ ಎರಡು ಅಕ್ಕಿ ಚೀಲ, ಮೇಲೆ ಒಂದು ಪೆಟ್ಟಿಗೆ ಬಿಯರು, ಅದರ ಮೇಲೆ ಅವನದೇ ಚಪ್ಪಲಿ. ಕೈಯಲ್ಲಿ ಟಿ ಆಕಾರದ ಮೋಟುಗೋಲು, ತೋಕ್ಮಾ ಅನ್ನುತ್ತಾರೆ. ನಿಲ್ಲಬೇಕೆನಿಸಿದಾಗ ಬುಟ್ಟಿಯನ್ನು ಇಳಿಸುವುದಿಲ್ಲ, ಇಳಿಸಿದರೆ ಎತ್ತುವವರು ಬೇಕು. ಕೋಲನ್ನು ಹಿಂದಕ್ಕೆ ಒಯ್ದು ಬುಟ್ಟಿಯ ತಳಕ್ಕೆ ಆನಿಸಿ, ನಿಂತಲ್ಲೇ ಭಾರವನ್ನು ನೆಲಕ್ಕೆ ದಾಟಿಸಿ, ಹಣೆಯ ಬೆವರು ಒರೆಸಿಕೊಂಡ. ಜೇಬಿನ ಮೊಬೈಲಿನಲ್ಲಿ ಹಿಂದಿ ಹಾಡು. ಸಿಂಧನೂರಿನ ಮಿಲ್ಲುಗಳಲ್ಲಿ ಹಮಾಲರು ಚೀಲ ಹೊರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಲಾರಿಯಿಂದ ಗೋದಾಮಿನ ತನಕ. ಇವನು ಚೀಲ ಹೊತ್ತು ನಾಳೆಯೂ ನಡೆಯುವವನು. ಆ ರಾತ್ರಿ ಲಾಡ್ಜಿನಲ್ಲಿ ದಾಲ್ ಭಾತ್ ತಂದಿಟ್ಟಾಗ ನುಚ್ಚು ಜಾಸ್ತಿ ಐತಿ ಎಂದು ಬಾಯಿಗೆ ಬಂದ ಮಾತು ಹೊರಗೆ ಬರಲಿಲ್ಲ.

ದಾಲ್ ಭಾತಿನ ಬಗ್ಗೆ ನನ್ನ ಅಭಿಪ್ರಾಯ ಬಹಳ ಒಳ್ಳೆಯದಿದೆ. ಅದೊಂದನ್ನೇ ಅಲ್ಲಿ ಎರಡನೆಯ ಸಲ ಪುಕ್ಕಟೆ ಬಡಿಸುತ್ತಾರೆ. "ದಾಲ್ ಭಾತ್ ಪವರ್, 24 ಅವರ್" ಎಂದು ಟೀ ಶರ್ಟಿನ ಮೇಲೂ ಬರೆಸಿಕೊಂಡಿದ್ದಾರೆ. ಮೇಲೆ ಹೋದಂತೆ ಅನ್ನ ಬೇಯುವುದೇ ಕಷ್ಟ. 5,164 ಮೀಟರ್ ಎತ್ತರದ ಗೋರಕ್‌ಶೇಪಿನಲ್ಲಿ ನೀರು 83 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ. ಕುದಿಯುವ ಚಹಾ ಕೂಡ ನಮ್ಮೂರಿನಷ್ಟು ಸುಡದ ಜಾಗ ಅದು.

ನಾಮ್ಚೆಯಲ್ಲಿ ಅವ್ವನ ರೊಟ್ಟಿ ಬಿಚ್ಚಿದೆ. ಇಡೀ ರೊಟ್ಟಿ ಒಂದೂ ಉಳಿದಿರಲಿಲ್ಲ, ಆದರೆ ಚೂರು ಚೂರೂ ಕಡಕ್ಕಾಗಿಯೇ ಇತ್ತು. ಆ ಒಣ ಚಳಿಗಾಳಿಗೆ ರೊಟ್ಟಿ ಮೆತ್ತಗಾಗುವುದು ಸಾಧ್ಯವೇ ಇಲ್ಲ. ಪಕ್ಕದ ಮೇಜಿನ ಜರ್ಮನ್ ದಂಪತಿ ಕುತೂಹಲದಿಂದ ನೋಡಿದರು. ಕೊಟ್ಟೆ. ಗಂಡ ಹಿಂಡಿಯನ್ನು ಬೆರಳಲ್ಲಿ ಹೆಚ್ಚೇ ಎತ್ತಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಮೂರು ದಿನದಿಂದ ಕಟ್ಟಿದ್ದ ಮೂಗು ಬಿಟ್ಟಿತು ಎಂದು ಕೈಕುಲುಕಿದ.

ಸಂಜೆಗಳಲ್ಲಿ ಆಕ್ಸಿಮೀಟರಿನ ಕಾರ್ಯಕ್ರಮ. ಊಟದ ಮನೆಯಲ್ಲಿ ಎಲ್ಲರೂ ಸಾಲಾಗಿ ಬೆರಳು ಕೊಡಬೇಕು, ಗೈಡ್ ಬರೆದುಕೊಳ್ಳುತ್ತಾನೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ವಾತಾವರಣವೇ ಅದು: ತೊಂಬತ್ತರ ಮೇಲಿದ್ದವರು ದೊಡ್ಡ ದನಿಯಲ್ಲಿ ಹೇಳುವುದು, ಎಂಬತ್ತರ ಕೆಳಗಿದ್ದವರು ಬೆರಳು ತಣ್ಣಗಿತ್ತು, ಮರುಮೌಲ್ಯಮಾಪನ ಮಾಡಿ ಎಂದು ಉಜ್ಜಿಕೊಂಡು ಮತ್ತೆ ಕೊಡುವುದು. ಬೇಸ್ ಕ್ಯಾಂಪಿನ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ, ಅಂಕ ಇಳಿಯುವುದು ಸಹಜ ಎಂದು ಗೈಡ್ ಎಷ್ಟು ಹೇಳಿದರೂ ತಂಡದಲ್ಲಿ ಮೊದಲ ಸ್ಥಾನಕ್ಕೆ ಪೈಪೋಟಿ ನಿಲ್ಲಲಿಲ್ಲ. ಇಷ್ಟು ದೂರ ಬಂದು, ಕಿಟಕಿಯ ಹೊರಗೆ ಅಮಾ ದಬ್ಲಮ್ ಶಿಖರ ಸಂಜೆಗೆಂಪಿನಲ್ಲಿ ನಿಂತಿರುವಾಗ, ಒಳಗೆ ನಾವೆಲ್ಲ ಮಾತಾಡಿಕೊಂಡದ್ದು ಬೆರಳು, ಕೆಮ್ಮು ಮತ್ತು ಬೆಳಗಿನ ಪಾಯಖಾನೆಯ ವಿಷಯ. ಪ್ರವಾಸಕಥನಗಳಲ್ಲಿ ಈ ಭಾಗವನ್ನು ಏಕೆ ಬಿಡುತ್ತಾರೋ ತಿಳಿಯದು. ನಿಜವಾದ ಚರ್ಚೆಯೆಲ್ಲ ಅದರ ಮೇಲೆಯೇ ನಡೆಯುತ್ತದೆ.

ದಿಂಗ್ಬೋಚೆಗೆ ಬಂದಾಗ ಮರಗಳು ಮುಗಿದಿದ್ದವು. 4,410 ಮೀಟರ್. ಕಲ್ಲು ಗೋಡೆಯ ಸಣ್ಣ ಸಣ್ಣ ಹೊಲ, ಆಲೂಗಡ್ಡೆ ತೆಗೆದಾಗಿತ್ತು. ಮನೆಯ ಬಿಸಿಲು ಗೋಡೆಗೆ ಸಾಲಾಗಿ ಕುಳ್ಳು ತಟ್ಟಿದ್ದರು! ಯಾಕಿನ ಸೆಗಣಿ, ಆದರೆ ಬೆರಳ ಗುರುತು ನಮ್ಮೂರ ಹೆಣ್ಣುಮಕ್ಕಳದ್ದೇ. ಹತ್ತಿರ ಹೋಗಿ ಒಂದರ ಅಂಚು ಮುಟ್ಟಿ, ಒಣಗಿದೆಯೇ ಎಂದು ಉಗುರಿನಲ್ಲಿ ಕುಟ್ಟಿ ನೋಡಿದೆ. ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಲ್ಲಿಗೆ ಬಂದವರೆಲ್ಲ ಶಿಖರಗಳ ಫೋಟೊ ತೆಗೆಯುವವರು. ಕುಳ್ಳು ಪರೀಕ್ಷಿಸಿ ತಲೆಯಾಡಿಸಿದವನು ನಾನೊಬ್ಬನೇ ಇರಬೇಕು. ಆ ರಾತ್ರಿ ಒಲೆಯ ಪಕ್ಕದ ಜಾಗ ನನಗೇ ಸಿಕ್ಕಿತು. ಹುಡುಗರು ಹೊಗೆಗೆ ಕೆಮ್ಮಿ ಎದ್ದುಹೋದರು. ನನಗೆ ಮಾತ್ರ ಮನೆಯ ಒಲೆ ನೆನಪಾಗಿ ಅಂದು ಒಳ್ಳೆಯ ನಿದ್ದೆ ಬಂತು.

ಮಾತಿಗೆ ಕೂತ ಮನೆಯ ಯಜಮಾನ ನಿಮ್ಮೂರಿನಲ್ಲಿ ನದಿ ಇದೆಯೇ ಎಂದು ಹಿಂದಿಯಲ್ಲಿ ಕೇಳಿದ. ಕಾಲುವೆ ಇದೆ, ನಮಗೆ ನದಿ ಎಂದರೆ ಅದೇ ಎಂದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ತುಂಬಿದ ಕೆರೆಯ ನೀರು ಹೊಳೆಗೆ ಹೋಗುತ್ತಿದ್ದಾಗ ನಾವು ಊಟ ಬಿಟ್ಟು ಟಿ.ವಿ. ಮುಂದೆ ಕೂತದ್ದನ್ನು ಹೇಳಿದೆ. ಅವನು ಬೆರಳು ಮಡಚಿ ಎಣಿಸಿದ. ಅದೇ ವಾರ, ಆಗಸ್ಟ್ 16ಕ್ಕೆ, ಅವರ ಕಣಿವೆಯ ಥಾಮೆ ಊರಿನ ಮೇಲಿದ್ದ ಹಿಮಕೆರೆ ಒಡೆದು ಮನೆ, ಶಾಲೆ ಕೊಚ್ಚಿಕೊಂಡು ಹೋಗಿತ್ತು. ತೇನ್ಸಿಂಗ್ ಬೆಳೆದ ಊರು ಅದು. "ನಿಮ್ಮದಕ್ಕೆ ಗೇಟಾದರೂ ಇತ್ತು" ಎಂದ. ತೇನ್ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದೂ ನಮ್ಮ ಅಣೆಕಟ್ಟು ಮುಗಿದದ್ದೂ 1953ರಲ್ಲೇ ಎಂದು ನಾನು ಹೇಳಿದೆ; ಅವನಿಗೆ ಅದು ಬಹಳ ಇಷ್ಟವಾಗಿ ಇನ್ನೆರಡು ಕುಳ್ಳು ಒಲೆಗೆ ಹಾಕಿದ.

ಗುಡ್ಡದಾಚೆ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನವರ ದವಾಖಾನೆಯಿದೆ, 1973ರಿಂದ. ಎತ್ತರದ ಕಾಯಿಲೆಯ ಬಗ್ಗೆ ಡಾಕ್ಟರರು ತಿಳಿವಳಿಕೆ ಹೇಳುತ್ತಾರೆ. ತಲೆನೋವು, ಹಸಿವಾಗದಿರುವುದು, ನಿದ್ದೆ ಬಾರದಿರುವುದು, ಸುಸ್ತು. ಒಂದೊಂದು ಲಕ್ಷಣ ಹೇಳಿದಂತೆಲ್ಲ ಕೂತವರ ಮುಖ ಒಂದೊಂದು ಹಂತ ಬಾಡಿತು. ಹಸಿವಿನ ವಿಷಯದಲ್ಲಿ ಮಾತ್ರ ನಾನು ನಿಶ್ಚಿಂತನಾಗಿದ್ದೆ.

ಥುಕ್ಲಾದ ಏರು ಮುಗಿದ ಕಡೆ ಶಿಖರದಲ್ಲಿ ಉಳಿದವರ ಹೆಸರಿನಲ್ಲಿ ಕಲ್ಲು ಪೇರಿಸಿದ್ದಾರೆ. ಬಾಬು ಚಿರಿ ಶೆರ್ಪಾನ ಸ್ಮಾರಕವೂ ಅಲ್ಲಿದೆ. 1999ರಲ್ಲಿ ಆಮ್ಲಜನಕವಿಲ್ಲದೆ ಎವರೆಸ್ಟಿನ ತುದಿಯಲ್ಲಿ 21 ಗಂಟೆ ಕಳೆದವನು. ಅವನ ಕಲ್ಲಿನ ಮುಂದೆ ಬೂಟಿನ ಲಾಡಿ ಕಟ್ಟಲು ಬಗ್ಗಿದ ನನಗೆ ಏಳಲು ತಮ್ಮನ ಕೈ ಬೇಕಾಯಿತು.

ಮುಂದೆ ಖುಂಬು ಹಿಮನದಿ. ಬಿಳಿಯಾಗಿರುತ್ತದೆ ಎಂದುಕೊಂಡಿದ್ದೆವು, ಮೇಲೆಲ್ಲ ಕಲ್ಲು, ಮಣ್ಣು, ಜಲ್ಲಿ. ಒಳಗಿನಿಂದ ಆಗಾಗ ನೀರು ಹರಿಯುವ ಸದ್ದು. ಈ ನೀರು ಇಮ್ಜಾ, ದೂಧಕೋಶಿ, ಕೋಶಿ ಎಂದು ಹೆಸರು ಬದಲಿಸುತ್ತ ಬಿಹಾರಕ್ಕಿಳಿದು ಗಂಗೆ ಸೇರುತ್ತದೆ. ಕಾಲುವೆಯ ಕೊನೆ ಭಾಗದ ರೈತರ ಗೋಳು ಕೇಳುತ್ತ ಬೆಳೆದವನಿಗೆ ಇದು ಎಲ್ಲಕ್ಕಿಂತ ಮೇಲಿನ ತೂಬು. ಸಾವಕಾಶ ಕೂತು ನೋಡಬೇಕೆನಿಸಿತು, ಗೈಡ್ ಬಿಡಲಿಲ್ಲ. ಕೂತರೆ ಚಳಿ ಹಿಡಿಯುತ್ತದೆಯಂತೆ.

ಹಾಗೆ 5,364 ಮೀಟರಿನ ಬೇಸ್ ಕ್ಯಾಂಪ್ ತಲುಪಿದೆವು. ದಸರೆ ಮುಗಿದ ಮೇಲಿನ ದಿನಗಳು. ಎವರೆಸ್ಟ್ ಏರುವವರು ಬರುವುದು ಬೇಸಿಗೆಯಲ್ಲಿ. ಹೀಗಾಗಿ ಕ್ಯಾಂಪ್ ಇರಲಿಲ್ಲ. ಒಂದು ದೊಡ್ಡ ಕಲ್ಲು, ಅದರ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಸುತ್ತ ಪ್ರಾರ್ಥನೆಯ ಬಾವುಟ, ಕಲ್ಲಿನ ಮುಂದೆ ಫೋಟೊಕ್ಕೆ ಸರದಿ. ಅಲ್ಲಿಂದ ಎವರೆಸ್ಟ್ ಶಿಖರವೂ ಕಾಣುವುದಿಲ್ಲ. ಮುಂದಿನ ಗುಡ್ಡಗಳು ಮರೆಮಾಡುತ್ತವೆ. ಅದು ಬೇಕೆಂದರೆ ಮರುದಿನ ನಸುಕಿನಲ್ಲಿ ಕಾಲಾಪತ್ಥರ್ ಹತ್ತಬೇಕು. ಹತ್ತಿದೆವು. ಎವರೆಸ್ಟ್ ಕರ್ರಗೆ, ಹಿಂದೆ ಸರಿದು ನಿಂತಿತ್ತು. 7,861 ಮೀಟರಿನ ನುಪ್ಸೆ ಅದಕ್ಕಿಂತ ಎತ್ತರವಾಗಿ ಕಾಣುತ್ತಿತ್ತು. ನಮ್ಮವನೊಬ್ಬ ಅರ್ಧಗಂಟೆ ನುಪ್ಸೆಯ ಫೋಟೊ ತೆಗೆದು ಎವರೆಸ್ಟ್ ಎಂದು ಹೆಂಡತಿಗೆ ಕಳಿಸಿದ. ಅವನಿಗೆ ಇನ್ನೂ ಯಾರೂ ಹೇಳಿಲ್ಲ.

ನಾಮ್ಚೆಗೆ ಇಳಿದ ಮೇಲೆ ಮಾವನಿಗೆ ಫೋನ್ ಹಚ್ಚಿದೆ.

"ಮುಟ್ಟಿದ್ರೇನು? ಗುಡಿ ಐತೇನು?"

"ಇಲ್ಲ ಮಾವ. ಒಂದು ಕಲ್ಲು ಐತಿ."

"ಗುಡ್ಡ?"

"ಅಲ್ಲಿಂದ ಕಾಣಂಗಿಲ್ಲ."

"ಪ್ರಸಾದ?"

"ಅವ್ವ ಕೊಟ್ಟ ರೊಟ್ಟೀನ ತಿಂದ್ವಿ."

"ಜನ?"

"ಬಾಳ ಜನ. ಸರದಿ ನಿಂತು ಕಲ್ಲು ಮುಟ್ಟಿ ಬರ್ತಾರ."

ಮಾವ ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾರ ಖರೇ ಯಾತ್ರೇನ ಬಿಡು" ಎಂದರು. ಶೆರ್ಪಾಗಳು ಆ ಪರ್ವತದಲ್ಲಿ ದೇವಿ ಇದ್ದಾಳೆಂದು ನಂಬುತ್ತಾರೆ, ಹತ್ತುವ ಮೊದಲು ಪೂಜೆ ಮಾಡಿ ಅಪ್ಪಣೆ ಕೇಳುತ್ತಾರೆ ಎಂದು ಹೇಳಿದಾಗ ದನಿ ಜೋರಾಯಿತು: "ಇದನ್ನ ಮೊದಲs ಹೇಳಬಾರದೇನಲೇ? ದೇವಿ ಇರೋ ಕಡಿ ಬರಿಗೈಲೆ ಹೋದ್ಯಾ? ಒಂದು ಕಾಯಿ ಒಯ್ಯಬೇಕಿತ್ತು."

ಸಾಮಾನುಗಳೆಲ್ಲ ಈಗ ಗೊರೇಬಾಳದಲ್ಲಿ ಬೇರೆ ಬೇರೆ ಉದ್ಯೋಗದಲ್ಲಿವೆ. ಹಣೆಯ ಬ್ಯಾಟರಿಯನ್ನು ರಾತ್ರಿ ಗದ್ದೆಗೆ ನೀರು ಬಿಡುವವರು ಸರದಿಯ ಮೇಲೆ ಒಯ್ಯುತ್ತಾರೆ. ಒಂದು ಕೋಲು ಅವ್ವನ ಕೈಯಲ್ಲಿದೆ, ನಾಯಿ ಓಡಿಸಲು. ಇನ್ನೊಂದು, ಒಣಹಾಕಿದ ಸೀರೆ ನೆಲಕ್ಕೆ ತಾಗದಂತೆ ಹಗ್ಗಕ್ಕೆ ಆನಿಕೆ. ಆಕ್ಸಿಮೀಟರನ್ನು ಓಣಿಯ ಹಿರಿಯರೆಲ್ಲ ಬಂದು ಹಾಕಿಕೊಂಡು ತಮ್ಮ ತಮ್ಮ ಅಂಕ ತಿಳಿದುಕೊಂಡು ಹೋದರು. ಬೀಡಿ ಬಿಡದ ಮಾವನಿಗೆ ತೊಂಬತ್ತೆಂಟು. ಗರಿ ಜಾಕೆಟ್ಟು ಮಾತ್ರ ನಿರುದ್ಯೋಗಿ.

ಈ ಯುಗಾದಿಗೆ ನಾನೂ ಶ್ರೀಶೈಲಕ್ಕೆ ಬರಬೇಕೆಂದು ಮಾವ ಪಟ್ಟು ಹಿಡಿದಿದ್ದಾರೆ. ದಾರಿಯುದ್ದಕ್ಕೂ ದಾಸೋಹ, ಮಜ್ಜಿಗೆ, ಕಾಲು ಒತ್ತುವವರು, ಯಾವುದಕ್ಕೂ ದುಡ್ಡಿಲ್ಲ. ರೂಢಿಯಾಗಿಬಿಟ್ಟಿದ್ದರಿಂದ ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ: ಕುಡಿಯಲು ಬಿಸಿನೀರು ಸಿಗುತ್ತದೆಯೇ?

"ಯುಗಾದಿ ಬಿಸಲಾಗ ಬಾಟಲಿ ನೀರs ಕುದೀತಿರ್ತಾವು" ಎಂದರು ಮಾವ. "ತಣ್ಣೀರು ಎಲ್ಲಿ ಸಿಗ್ತಾವ ಅಂತ ಕೇಳು."